ಖಾನನ ಸನದಿಗೆ ಕಾದ ದೊರೆಗಳ ಊರುಗಳು: ತ್ವೇರ್, ವ್ಲಾದಿಮಿರ್, ಮಾಸ್ಕೋ ಗೈಡ್ ಟೂರ್ ಹೇಗಿತ್ತು

ರಷ್ಯಕ್ಕೆ ಹೋಗುವವರಿಗೆ ಇತಿಹಾಸದಲ್ಲಿ ಸ್ವಲ್ಪವಾದರೂ ಆಸಕ್ತಿ ಇದ್ದರೆ ಈ ಟೂರ್ ಮಾಡಲೇಬೇಕು. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಹೋಯಿತು ಅಂತ ಮುಂದೆ ಬರೆದಿದ್ದೇನೆ.

ನಾನು ಬೀದರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ತಂಗಿಯ ಮಗಳು ತ್ವೇರ್ ಅನ್ನುವ ಊರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಮಾಸ್ಕೋದಿಂದ ರೈಲಿನಲ್ಲಿ ಹೊರಟರೆ ಎರಡು ಗಂಟೆಯೊಳಗೆ ಸಿಗುವ ಊರು, ವೋಲ್ಗಾ ನದಿಯ ದಂಡೆ. ಅಲ್ಲಿನ ಮೆಡಿಕಲ್ ಯೂನಿವರ್ಸಿಟಿಯಲ್ಲಿ ನಮ್ಮ ದೇಶದ ಮಕ್ಕಳು ತುಂಬಾ ಜನ ಇದ್ದಾರೆ. ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರು ಮಾಸ್ಕೋದ ರೆಡ್ ಸ್ಕ್ವೇರ್, ಮೆಟ್ರೋ, ಆಮೇಲೆ ಸೇಂಟ್ ಪೀಟರ್ಸ್‌ಬರ್ಗ್ ಅಂತ ಓಡಾಡಿ ವಾಪಸ್ ಹೋಗುತ್ತಾರೆ. ತ್ವೇರ್ ಅಂದರೆ ಅವರಿಗೆ ಹಾಸ್ಟೆಲ್ ಅಷ್ಟೇ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೈಡ್ ಒಬ್ಬ ಹೆಂಗಸು. ಶಾಲೆಯಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. ಕಂಪನಿ, ಬೋರ್ಡ್ ಏನೂ ಇಲ್ಲ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ತ್ವೇರ್‌ನಲ್ಲಿರುವ ಭಾರತದ ವಿದ್ಯಾರ್ಥಿಗಳನ್ನು ಕೇಳಿದರೆ ಯಾರಾದರೂ ಪರಿಚಯ ಮಾಡಿಸುತ್ತಾರೆ. ಇವರು ಮಾಡಿಸುವುದು ಒಂದೇ ವಿಷಯದ ಟೂರ್: ಮಂಗೋಲರ ಕಾಲದಲ್ಲಿ ರಷ್ಯದ ದೊರೆಗಳು ಹೇಗೆ ಬದುಕಿದರು, ಯಾರು ಯಾರನ್ನು ಮುಗಿಸಿದರು, ಕೊನೆಗೆ ಮಾಸ್ಕೋ ಹೇಗೆ ಮೇಲೆ ಬಂತು. ತ್ವೇರ್‌ಗೆ ಒಂದು ದಿನ, ವ್ಲಾದಿಮಿರ್‌ಗೆ ಒಂದು ದಿನ, ಮಾಸ್ಕೋದಲ್ಲಿ ಅರ್ಧ ದಿನ. ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬಹುದು. ದರ ಗಂಟೆ ಲೆಕ್ಕ. ಮಾಸ್ಕೋದ ದೊಡ್ಡ ಟ್ರಾವೆಲ್ಸ್‌ನವರು ಕೇಳಿದ್ದರ ಅರ್ಧಕ್ಕಿಂತ ಕಡಿಮೆಯೇ ಬಿತ್ತು.

ಸಮಯ ಕಡಿಮೆ ಇದ್ದರೆ ತ್ವೇರ್ ಒಂದನ್ನೇ ಮಾಡಿ. ನನ್ನ ಮಟ್ಟಿಗೆ ಇಡೀ ಟೂರ್‌ನ ಜೀವ ಅದೇ.

ಒಂದು ವಿಷಯ ಗೊತ್ತಿರಲಿ. ಆ ಕಾಲದ್ದು ಅಂತ ತ್ವೇರ್‌ನಲ್ಲಿ ಕಣ್ಣಿಗೆ ಕಾಣುವುದು ಏನೂ ಉಳಿದಿಲ್ಲ. ಮರದ ಕೋಟೆ 1763ರ ಬೆಂಕಿಯಲ್ಲಿ ಹೋಯಿತು. ದೊರೆಗಳನ್ನು ಹೂಳಿದ್ದ ಜಾಗದ ದೊಡ್ಡ ಚರ್ಚನ್ನು 1935ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಈಗ ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿದ್ದಾರೆ. ಊರಿನಲ್ಲಿ ನಿಂತಿರುವ ಅತಿ ಹಳೆಯ ಕಲ್ಲಿನ ಕಟ್ಟಡ ಅಂದರೆ 1564ರ ಬಿಳಿ ಟ್ರಿನಿಟಿ ಚರ್ಚು, ಅದೂ ಮಂಗೋಲರ ಕಾಲ ಮುಗಿದ ಮೇಲಿನದು. ಸುಮ್ನೆ ಫೋನ್ ಹಿಡಿದುಕೊಂಡು ತಿರುಗಿದರೆ ನದಿ, ಸೇತುವೆ, ಅಂಗಡಿ ಅಷ್ಟೇ ಕಾಣುತ್ತದೆ. ಗೈಡ್ ಇಲ್ಲದೆ ಈ ಊರು ಅರ್ಥ ಆಗುವುದಿಲ್ಲ.

ಅವರು ಶುರು ಮಾಡುವುದು ನದಿ ದಂಡೆಯ ಒಂದು ಬೆಂಚಿನಲ್ಲಿ ಕೂರಿಸಿ. ಚೀಲದಿಂದ ಮಡಚಿದ ಬಟ್ಟೆ ತೆಗೆದು ಮೊಣಕಾಲ ಮೇಲೆ ಹರಡುತ್ತಾರೆ. ಅದರ ಮೇಲೆ ವಂಶವೃಕ್ಷ. ಹೆಸರುಗಳನ್ನು ಕೈಯಲ್ಲೇ ದಾರದಿಂದ ಹೊಲಿದಿದ್ದಾರೆ. ಮಂಗೋಲ್ ಖಾನನ ಸನದು, ಅಂದರೆ ಆಳಲು ಒಪ್ಪಿಗೆ ಪತ್ರ, ಪಡೆದವರ ಹೆಸರು ಕೆಂಪು ದಾರದಲ್ಲಿ, ಖಾನನ ರಾಜ್ಯವಾದ ಹೋರ್ಡ್‌ನಲ್ಲಿ ಸತ್ತವರ ಹೆಸರಿನ ಕೆಳಗೆ ಕಪ್ಪು ಗೆರೆ. ಕಪ್ಪು ಗೆರೆ ಎಷ್ಟು ಜಾಸ್ತಿ ಇವೆ ಅಂದರೆ ನಮ್ಮ ಹುಡುಗಿ ಬೆರಳಿಟ್ಟು ಎಣಿಸಲು ಶುರು ಮಾಡಿದಳು. ಪಾಠ ಹೇಳುವವಳಾಗಿ ನನಗೆ ಆ ಬಟ್ಟೆಯ ಮೇಲೆ ಆಸೆ ಆಯಿತು, ನಿಜ ಹೇಳಬೇಕೆಂದರೆ.

ಅವರು ವಿವರಿಸಿದ್ದರ ಸಾರ ಇದು. 1237ರಿಂದ 1240ರ ನಡುವೆ ಮಂಗೋಲರ ಬಾತು ಖಾನ್ ಬಂದು ರಯಾಜಾನ್, ವ್ಲಾದಿಮಿರ್, ಕೊನೆಗೆ ಕೀವ್ ಸುಟ್ಟ. ಆದರೆ ಅಲ್ಲಿ ಕೂತು ಆಳಲಿಲ್ಲ. ವೋಲ್ಗಾದ ಕೆಳಭಾಗದಲ್ಲಿ ಸರಾಯ್ ಅನ್ನುವ ರಾಜಧಾನಿ ಕಟ್ಟಿದ. ಈ ರಾಜ್ಯವನ್ನೇ ನಾವು ಗೋಲ್ಡನ್ ಹೋರ್ಡ್ ಅಂತ ಓದುವುದು. ರಷ್ಯದ ದೊರೆಗಳು ತಮ್ಮ ತಮ್ಮ ಊರಿನಲ್ಲೇ ಉಳಿದರು. ಆದರೆ ಪಟ್ಟ ಏರಬೇಕಾದರೆ ಪ್ರತಿಯೊಬ್ಬನೂ ಸರಾಯ್‌ಗೆ ಹೋಗಬೇಕು, ಖಾನನ ಮುಂದೆ ಮಂಡಿಯೂರಬೇಕು, ಯಾರ್ಲಿಕ್ ಅನ್ನುವ ಸನದು ತರಬೇಕು. ಬರೀ ಕೈಯಲ್ಲಿ ಹೋಗುವ ಹಾಗಿಲ್ಲ. ಖಾನನಿಗೆ, ಅವನ ರಾಣಿಯರಿಗೆ, ಸರದಾರರಿಗೆ ಕಾಣಿಕೆ ಕೊಡಬೇಕು. 1243ರಲ್ಲಿ ಮೊದಲು ಹೋದವನು ವ್ಲಾದಿಮಿರ್‌ನ ದೊರೆ ಯಾರೊಸ್ಲಾವ್. ಬಾತು ಅವನನ್ನೇ ಹಿರಿಯ ದೊರೆ ಅಂತ ಒಪ್ಪಿದ. ಮೂರು ವರ್ಷದ ಮೇಲೆ ಅದೇ ಯಾರೊಸ್ಲಾವ್ ಮಂಗೋಲಿಯಾದ ಕಾರಾಕೊರಮ್ ತನಕ ಹೋಗಿ ಅಲ್ಲೇ ಸತ್ತ. ವಿಷ ಹಾಕಿದರು ಅಂತ ಆಗಲೇ ಜನ ಮಾತಾಡಿಕೊಂಡರು. ಅದೇ 1246ರಲ್ಲಿ ಚೆರ್ನಿಗೋವ್‌ನ ಮಿಖಾಯಿಲ್ ದೊರೆ ಬಾತುವಿನ ಬಿಡಾರದಲ್ಲಿ ಅವರ ಪೂಜೆಯ ರೀತಿಗೆ ತಲೆಬಾಗಲು ಒಪ್ಪದೆ ಪ್ರಾಣ ಕಳೆದುಕೊಂಡ.

ಮೊದಮೊದಲು ಮಂಗೋಲರೇ ತಲೆ ಎಣಿಸಿ ಕಪ್ಪ ವಸೂಲಿ ಮಾಡುತ್ತಿದ್ದರು. 1262ರಲ್ಲಿ ರೊಸ್ತೋವ್, ಸುಜ್ದಾಲ್ ಕಡೆ ಜನ ವಸೂಲಿಗಾರರ ಮೇಲೆ ಎದ್ದರು. ಕಾಲ ಕಳೆದ ಹಾಗೆ ವಸೂಲಿಯ ಕೆಲಸ ದೊರೆಗಳ ಕೈಗೇ ಬಂತು. ವ್ಲಾದಿಮಿರ್‌ನ ಹಿರಿಯ ಪಟ್ಟ ಯಾರಿಗೆ ಸಿಗುತ್ತದೋ ಅವನೇ ಉಳಿದ ದೊರೆಗಳಿಂದಲೂ ಕಪ್ಪ ಸಂಗ್ರಹಿಸಿ ಖಾನನಿಗೆ ಮುಟ್ಟಿಸಬೇಕು. ಬರೀ ಗೌರವದ ಪಟ್ಟ ಅಲ್ಲ ಅದು. ದುಡ್ಡು ಹರಿಯುವ ದಾರಿ. ಅದಕ್ಕಾಗಿ ಒಂದೇ ಮನೆತನದ ಅಣ್ಣತಮ್ಮಂದಿರು ಬಡಿದಾಡಿದರು.

ಇಷ್ಟಾದ ಮೇಲೆ ನಮ್ಮನ್ನು ಎಬ್ಬಿಸಿ ಮಿಖಾಯಿಲ್ ಯಾರೊಸ್ಲಾವಿಚ್‌ನ ಕುದುರೆ ಸವಾರಿ ಪ್ರತಿಮೆಯ ಹತ್ತಿರ ಕರೆದುಕೊಂಡು ಹೋದರು. 2008ರಲ್ಲಿ ನಿಲ್ಲಿಸಿದ್ದು. ತ್ವೇರ್‌ನ ಈ ದೊರೆಯ ಕಥೆಯೇ ಟೂರ್‌ನ ನಟ್ಟನಡುವಿನ ಭಾಗ. ಇದನ್ನು ಅವರು ಎಷ್ಟು ಚೆನ್ನಾಗಿ ಹೇಳುತ್ತಾರೆ ಅಂದರೆ ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಇಬ್ಬರು ಹುಡುಗರು ಕೂಡ ನಿಂತು ಕೇಳಿದರು.

ಹಳೆಯ ಪದ್ಧತಿಯಲ್ಲಿ ಪಟ್ಟ ಅಣ್ಣನಿಂದ ತಮ್ಮನಿಗೆ ಹೋಗಬೇಕು. ಅಪ್ಪ ಹಿರಿಯ ಪಟ್ಟ ಏರದೆ ಸತ್ತಿದ್ದರೆ ಮಗನಿಗೆ ಹಕ್ಕಿಲ್ಲ. ಮಿಖಾಯಿಲ್‌ಗೆ ಪೈಪೋಟಿಗೆ ನಿಂತ ಮಾಸ್ಕೋದ ದೊರೆ ಯೂರಿಯ ಅಪ್ಪ ದಾನಿಯೇಲ್ ಆ ಪಟ್ಟ ಏರಿದವನೇ ಅಲ್ಲ. ಹಾಗಾಗಿ 1304ರಲ್ಲಿ ಹಿರಿಯ ಪಟ್ಟ ಖಾಲಿಯಾದಾಗ ನ್ಯಾಯವಾಗಿ ಅದು ಮಿಖಾಯಿಲ್‌ನದು, ಖಾನ್ ಸನದು ಕೊಟ್ಟಿದ್ದೂ ಅವನಿಗೇ. ದಾನಿಯೇಲ್ ಮತ್ತು ಮಿಖಾಯಿಲ್ ಅಣ್ಣತಮ್ಮಂದಿರ ಮಕ್ಕಳು. ನಮ್ಮ ಲೆಕ್ಕದಲ್ಲಿ ಮಿಖಾಯಿಲ್ ಯೂರಿಗೆ ಚಿಕ್ಕಪ್ಪ ಆಗಬೇಕು. ಆದರೆ 1313ರಲ್ಲಿ ಉಜ್ಬೆಕ್ ಖಾನ್ ಪಟ್ಟಕ್ಕೆ ಬಂದ. ಯೂರಿ ಹೋರ್ಡ್‌ಗೆ ಹೋಗಿ ಅಲ್ಲೇ ಉಳಿದು, ಖಾನನ ತಂಗಿ ಕೊಂಚಾಕಾಳನ್ನು ಮದುವೆಯಾಗಿ, ಸನದು ತನ್ನ ಹೆಸರಿಗೆ ಮಾಡಿಸಿಕೊಂಡು, ಕವ್ಗದಿ ಅನ್ನುವ ಸರದಾರನ ಸೈನ್ಯದ ಜೊತೆ ವಾಪಸ್ ಬಂದ. ಮಿಖಾಯಿಲ್ ಸನದನ್ನು ಬಿಟ್ಟುಕೊಡಲು ಸಿದ್ಧನಿದ್ದ. ಯೂರಿಗೆ ಅಷ್ಟು ಸಾಲಲಿಲ್ಲ, ತ್ವೇರ್ ಮೇಲೇ ಬಂದ. 1317ರ ಡಿಸೆಂಬರ್‌ನಲ್ಲಿ ಬೊರ್ತೆನೆವೊ ಅನ್ನುವ ಕಡೆ ಯುದ್ಧ ಆಯಿತು. ಯೂರಿ ಸೋತು ಓಡಿದ. ಕೊಂಚಾಕಾ ಸೆರೆ ಸಿಕ್ಕಳು. ಸೆರೆಯಲ್ಲಿ ಇದ್ದಾಗಲೇ ತ್ವೇರ್‌ನಲ್ಲಿ ಸತ್ತಳು.

ಖಾನನ ತಂಗಿ ತ್ವೇರ್‌ನವರ ಕೈಯಲ್ಲಿ ಸತ್ತಳು ಅಂದಮೇಲೆ ಮುಂದೇನು ಅಂತ ಹೇಳಬೇಕಾಗಿಲ್ಲ. ಖಾನ್ ಕರೆಸಿದ. ಮಕ್ಕಳು, ಸರದಾರರು ಹೋಗಬೇಡ ಅಂದರು, ನಿನ್ನ ಬದಲು ನಾವು ಹೋಗುತ್ತೇವೆ ಅಂದರು. ಮಿಖಾಯಿಲ್ ಒಪ್ಪಲಿಲ್ಲ. ತಾನು ತಪ್ಪಿಸಿಕೊಂಡರೆ ಊರು ಸುಡುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಹೆಂಡತಿ ಅನ್ನಾ ನೆರ್ಲ್ ನದಿಯ ತನಕ ಜೊತೆಗೆ ಬಂದು ಬೀಳ್ಕೊಟ್ಟಳು. ಹೋರ್ಡ್‌ನಲ್ಲಿ ವಿಚಾರಣೆ ನಡೆಯಿತು. ಆರೋಪ ಮಾಡಿದವನೂ ಕವ್ಗದಿ, ನ್ಯಾಯ ಹೇಳಲು ಕೂತವರಲ್ಲಿ ಒಬ್ಬನೂ ಕವ್ಗದಿ. ಕಪ್ಪ ಮುಚ್ಚಿಟ್ಟ, ಖಾನನ ದೂತನ ಮೇಲೆ ಕತ್ತಿ ಎತ್ತಿದ, ಕೊಂಚಾಕಾಳಿಗೆ ವಿಷ ಹಾಕಿದ ಅಂತ ಮೂರು ಆರೋಪ. ಕುತ್ತಿಗೆಗೆ ಭಾರದ ಮರದ ಹಲಗೆ ಬಿಗಿದು, ಖಾನನ ಬಿಡಾರ ಹೋದಲ್ಲೆಲ್ಲಾ ಎಳೆದುಕೊಂಡು ಹೋದರು.

ಇಲ್ಲಿ ಗೈಡ್ ಒಂದು ವಿಷಯ ಹೇಳಿದರು, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಕೈಗಳನ್ನೂ ಆ ಹಲಗೆಗೆ ಕಟ್ಟುತ್ತಿದ್ದರಂತೆ. ದೊರೆಗೆ ಬೈಬಲ್ಲಿನ ಕೀರ್ತನೆಗಳ ಪುಸ್ತಕ ಓದುವ ಅಭ್ಯಾಸ. ಕೈ ಆಡುವುದಿಲ್ಲ. ಹಾಗಾಗಿ ಒಬ್ಬ ಹುಡುಗ ಎದುರಿಗೆ ಕೂತು ಹಾಳೆ ತಿರುವುತ್ತಿದ್ದ. ಇದನ್ನು ಹೇಳುವಾಗ ಅವರು ತಮ್ಮ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ ಹಾಗೇ ನಿಂತರು. ಪಕ್ಕದಲ್ಲಿದ್ದ ನಮ್ಮ ಹುಡುಗಿಗೆ ತಮ್ಮ ನೋಟ್‌ಬುಕ್ಕಿನ ಹಾಳೆ ತಿರುವಲು ಹೇಳಿದರು. ಒಂದು ಹಾಳೆ, ಇನ್ನೊಂದು ಹಾಳೆ. ಅರ್ಧ ನಿಮಿಷ ಆಗಿರಬಹುದು. ಯಾರೂ ಮಾತಾಡಲಿಲ್ಲ.

1318ರ ನವೆಂಬರ್ 22ರಂದು, ಕಾಕಸಸ್ ಬೆಟ್ಟಗಳ ಹತ್ತಿರ ತೆರೆಕ್ ನದಿಯ ಕಡೆ ಬಿಡಾರ ಇದ್ದಾಗ, ಮಿಖಾಯಿಲ್‌ನನ್ನು ಕೊಂದರು. ಯೂರಿ ಅಲ್ಲೇ ಇದ್ದ. ದೇಹ ಬೆತ್ತಲೆ ಬಿದ್ದಿತ್ತು. ನಿನಗೆ ತಂದೆಯ ಸಮಾನ ಅಲ್ಲವೇ, ಹೀಗೆ ಬಿಟ್ಟಿದ್ದೀಯಲ್ಲ ಅಂತ ಗದರಿಸಿದವನು ಕವ್ಗದಿ ಅಂತ ಹಳೆಯ ಬರಹ ಹೇಳುತ್ತದೆ. ಸಾಯಿಸಲು ನಿಂತವನಿಗೇ ಆ ನೋಟ ಸಹಿಸಲಾಗಲಿಲ್ಲ ನೋಡಿ. ಮುಂದೆ ಮಿಖಾಯಿಲ್‌ನ ಮಗ ದ್ಮಿತ್ರಿ 1325ರಲ್ಲಿ ಹೋರ್ಡ್‌ನಲ್ಲೇ ಯೂರಿಯನ್ನು ಕಡಿದು ಹಾಕಿದ. ಮರುವರ್ಷ ಖಾನ್ ದ್ಮಿತ್ರಿಯನ್ನು ಕೊಲ್ಲಿಸಿದ. ಬಟ್ಟೆಯ ಮೇಲಿನ ಕಪ್ಪು ಗೆರೆಗಳಲ್ಲಿ ಇವೂ ಸೇರಿವೆ.

ಇನ್ನು 1327ರ ದಂಗೆ. ಇದನ್ನು ನದಿಗೆ ಇಳಿಯುವ ಕಡೆ ನಿಲ್ಲಿಸಿ ಹೇಳುತ್ತಾರೆ. ಉಜ್ಬೆಕ್‌ನ ಸಂಬಂಧಿ ಚೋಲ್‌ಖಾನ್ ತ್ವೇರ್‌ಗೆ ಬಂದು ದೊರೆಯ ಅರಮನೆಯಲ್ಲೇ ಠಿಕಾಣಿ ಹಾಕಿದ್ದ. ಅವನ ಜನ ಊರಿನಲ್ಲಿ ಕಂಡಿದ್ದನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು. ಆಗಸ್ಟ್ 15ರ ಬೆಳಗ್ಗೆ, ಸಂತೆ ಸೇರುವ ಹೊತ್ತು. ದುದ್ಕೊ ಅನ್ನುವ ಚರ್ಚಿನ ಸೇವಕ ತನ್ನ ಹೆಣ್ಣು ಕುದುರೆಗೆ ನೀರು ಕುಡಿಸಲು ವೋಲ್ಗಾಕ್ಕೆ ಕರೆದುಕೊಂಡು ಹೊರಟಿದ್ದ. ಎಳೆಯ ಪ್ರಾಯ, ಚೆನ್ನಾಗಿ ಮೈತುಂಬಿದ ಕುದುರೆ. ಮಂಗೋಲರು ಕಿತ್ತುಕೊಂಡರು. ಅವನು ಕೂಗಿದ. ಜನ ಸೇರಿದರು. ಗಂಟೆ ಬಾರಿಸಿದರು. ಸಂಜೆಯೊಳಗೆ ಅರಮನೆಗೆ ಬೆಂಕಿ ಬಿದ್ದು ಚೋಲ್‌ಖಾನ್ ಸತ್ತ. ಇಡೀ ಊರಿನ ಭವಿಷ್ಯ ಒಂದು ಕುದುರೆಯ ಹಗ್ಗಕ್ಕೆ ಜೋತು ಬಿದ್ದ ಹಾಗಾಯಿತು.

ಆಗ ಯೂರಿಯ ತಮ್ಮ, ಮಾಸ್ಕೋದ ಇವಾನ್ ಕಲಿತಾ ಏನು ಮಾಡಿದ? ನೇರ ಹೋರ್ಡ್‌ಗೆ ಹೋದ. ಖಾನನ ದೊಡ್ಡ ಸೈನ್ಯ ತಂದು ಆ ಚಳಿಗಾಲದಲ್ಲಿ ತ್ವೇರ್ ಸೀಮೆಯನ್ನು ಹಾಳು ಮಾಡಿದ. ಆಗ ತ್ವೇರ್‌ನ ದೊರೆಯಾಗಿದ್ದ ಮಿಖಾಯಿಲ್‌ನ ಇನ್ನೊಬ್ಬ ಮಗ ಅಲೆಕ್ಸಾಂದರ್ ಪ್ಸ್ಕೋವ್ ಅನ್ನುವ ಊರಿಗೆ ಓಡಿದ. 1339ರಲ್ಲಿ ಅವನನ್ನೂ ಅವನ ಮಗ ಫ್ಯೊದೋರ್‌ನನ್ನೂ ಹೋರ್ಡ್‌ನಲ್ಲಿ ಕೊಂದರು. ಕಲಿತಾ ತ್ವೇರ್ ಚರ್ಚಿನ ಗಂಟೆಯನ್ನೂ ಇಳಿಸಿ ಮಾಸ್ಕೋಗೆ ಸಾಗಿಸಿದ. ಗಂಟೆಯ ವಿಷಯ ಹೇಳುವಾಗ ಗೈಡ್ ದನಿ ಬೇರೆಯೇ ಆಯಿತು. ಏಳುನೂರು ವರ್ಷದ ಹಿಂದಿನ ಗಂಟೆ, ಆದರೆ ಊರಿನವರಿಗೆ ಅದು ಇನ್ನೂ ನೋವಿನ ಮಾತು.

ನನ್ನ ಅರ್ಧ ಅಂಕ ಹೋಗಿದ್ದು ಇಲ್ಲೇ. ಅವರು ಪೂರಾ ತ್ವೇರ್ ಪಕ್ಷ. ಮಿಖಾಯಿಲ್ ಸಂತ, ಕಲಿತಾ ದ್ರೋಹಿ ಅನ್ನುವ ಹಾಗೆ ಕಥೆ ಸಾಗುತ್ತದೆ. ಮಿಖಾಯಿಲ್ ಕೂಡ ಹೋರ್ಡ್ ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ಉತ್ತರದ ನವ್ಗೊರೋದ್ ಊರಿನವರನ್ನು ಬಗ್ಗಿಸಿದ್ದನಲ್ಲ ಅಂತ ನಾನೇ ಕೇಳಬೇಕಾಯಿತು. ಕೇಳಿದ ಮೇಲೆ ತಪ್ಪಿಸಿಕೊಳ್ಳಲಿಲ್ಲ. ಹೌದು, ಮಾಡಿದ್ದಾನೆ, ಆ ಕಾಲದಲ್ಲಿ ಕೈ ತೊಳೆದುಕೊಂಡು ಕೂತ ದೊರೆ ಯಾರೂ ಇಲ್ಲ ಅಂದರು. ಅವನಿಗಿಂತ ಹಿಂದಿನ ದೊರೆ ಅಲೆಕ್ಸಾಂದರ್ ನೆವ್ಸ್ಕಿಯ ವಿಷಯವನ್ನೂ ಆಗಲೇ ತೆಗೆದರು. 1240ರಲ್ಲಿ ಸ್ವೀಡನ್‌ನವರನ್ನು, 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ನೈಟ್‌ಗಳನ್ನು ಸೋಲಿಸಿದ ವೀರ. ಅದೇ ನೆವ್ಸ್ಕಿ ನವ್ಗೊರೋದ್‌ನ ಜನರಿಗೆ ಬೆದರಿಕೆ ಹಾಕಿ ಮಂಗೋಲರ ತಲೆ ಎಣಿಕೆಗೆ ಒಪ್ಪಿಸಿದ. 1263ರಲ್ಲಿ ಹೋರ್ಡ್‌ನಿಂದ ವಾಪಸ್ ಬರುವ ದಾರಿಯಲ್ಲೇ ಸತ್ತ. ಇಂಥ ಮಾತು ಕೇಳುವವರು ಕೆದಕಿದರೆ ಮಾತ್ರ ಬರಬಾರದು, ತಾನಾಗಿ ಬರಬೇಕು. ಹಾಗಾಗಿ ಹೋಗುವವರು ಪ್ರಶ್ನೆ ಕೇಳಿ. ಕೇಳಿದಷ್ಟೂ ಅವರು ಚೆನ್ನಾಗಿ ಹೇಳುತ್ತಾರೆ. ಇನ್ನೊಂದು ಸಣ್ಣ ಕೊರತೆ: ಮೈಕ್ ಇಲ್ಲ, ನದಿ ದಂಡೆಯಲ್ಲಿ ಗಾಳಿ ಜೋರು, ಅವರ ಇಂಗ್ಲಿಷ್ ಸ್ವಲ್ಪ ವೇಗ. ಗುಂಪು ದೊಡ್ಡದಾದರೆ ಹಿಂದಿನವರಿಗೆ ಕೇಳಿಸುವುದು ಕಷ್ಟ.

ತ್ವೇರ್ ದಿನದ ಕೊನೆಗೆ ಅಫನಾಸಿ ನಿಕಿತಿನ್ ಪ್ರತಿಮೆ. 1955ರದ್ದು, ವೋಲ್ಗಾ ದಂಡೆಯಲ್ಲೇ ಇದೆ. ಈ ವ್ಯಾಪಾರಿ ಈ ಊರಿನಿಂದ ಹೊರಟು, ವೋಲ್ಗಾ ಕೆಳಗೆ ಅಸ್ತ್ರಖಾನ್ ಹತ್ತಿರ ತಾತಾರರ (ಹೋರ್ಡ್ ಕಡೆಯ ಜನ) ಕೈಯಲ್ಲಿ ಸರಕು ಕಳೆದುಕೊಂಡು, ಪರ್ಷಿಯಾ ದಾಟಿ, 1470ರ ಸುಮಾರಿಗೆ ಬಹಮನಿ ರಾಜಧಾನಿಯಾದ ನಮ್ಮ ಬೀದರಿಗೆ ಬಂದವನು. ತಂದಿದ್ದ ಕುದುರೆಯನ್ನು ಮಾರಿದ್ದು ಬೀದರಿನಲ್ಲಿ. ನಾನು ಬೀದರಿನವಳು ಅಂದಿದ್ದೇ ತಡ, ಗೈಡ್ ಪಾಠ ನಿಲ್ಲಿಸಿ ನನ್ನನ್ನೇ ಪ್ರಶ್ನೆ ಕೇಳಲು ಶುರು ಮಾಡಿದರು. ಕೋಟೆ ಈಗಲೂ ಇದೆಯಾ? ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಎಷ್ಟು ಉಳಿದಿದೆ? ಫೋನಿನಲ್ಲಿದ್ದ ಫೋಟೋ ಎಲ್ಲಾ ತೋರಿಸಿದೆ. ಮದರಸಾದ ನೀಲಿ ಹೆಂಚಿನ ಕೆಲಸವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆ ಹೊತ್ತಿನ ದುಡ್ಡು ಲೆಕ್ಕಕ್ಕೆ ಹಿಡಿಯಲಿಲ್ಲ. ನಿಕಿತಿನ್ ಹೊರಟ ಕಾಲಕ್ಕೆ ತ್ವೇರ್ ಇನ್ನೂ ಸ್ವಂತ ದೊರೆಯ ಕೈಯಲ್ಲಿತ್ತು. 1485ರಲ್ಲಿ ಮಾಸ್ಕೋ ಅದನ್ನು ನುಂಗಿತು.

ವ್ಲಾದಿಮಿರ್ ದಿನ ಅಷ್ಟು ಸಲೀಸಾಗಿ ಹೋಗಲಿಲ್ಲ. ಗೈಡ್ ರೈಲಿನಲ್ಲೇ ಹೋಗೋಣ ಅಂದಿದ್ದರು, ನಾವು ಆರಾಮಾಗಿರಲಿ ಅಂತ ಮಾಸ್ಕೋದ ಒಂದು ಟ್ರಾವೆಲ್ಸ್‌ನಿಂದ ಕಾರು ತೆಗೆದುಕೊಂಡೆವು. ಬುಕ್ ಮಾಡುವಾಗ ಮ್ಯೂಸಿಯಂ ಟಿಕೆಟ್ ಸೇರಿದೆ ಅಂದರು, ಬಾಗಿಲಿಗೆ ಹೋದಾಗ ಇಲ್ಲ ಅಂದರು. ದಾರಿಯಲ್ಲಿ ಕೇಳದೇ ಒಂದು ಉಡುಗೊರೆ ಅಂಗಡಿಗೆ ನುಗ್ಗಿಸಿ ಗಂಟೆಗಟ್ಟಲೆ ಕಾಯಿಸಿದರು. ಬೊಗೊಲ್ಯುಬೊವೊ ಹತ್ತಿರ ಹುಲ್ಲುಗಾವಲಿನ ನಡುವೆ ನೆರ್ಲ್ ನದಿಯ ಪಕ್ಕ ಇರುವ ಬಿಳಿ ಚರ್ಚು ನೋಡಲು ಹೊತ್ತೇ ಉಳಿಯಲಿಲ್ಲ. ಆ ಚರ್ಚಿಗೆ ನಡೆದೇ ಹೋಗಬೇಕು, ಅವಸರದಲ್ಲಿ ಆಗುವ ಕೆಲಸ ಅಲ್ಲ. ಈ ಸಿಟ್ಟು ಇನ್ನೂ ಇಳಿದಿಲ್ಲ. ದಯವಿಟ್ಟು ರೈಲಿನಲ್ಲಿ ಹೋಗಿ. ಮಾಸ್ಕೋದಿಂದ ವ್ಲಾದಿಮಿರ್‌ಗೆ ಸುಮಾರು ಎರಡು ಗಂಟೆ. ಊರೊಳಗೆ ಎಲ್ಲವೂ ನಡೆದು ನೋಡುವಷ್ಟು ಹತ್ತಿರ.

ಆದರೂ ವ್ಲಾದಿಮಿರ್ ನೋಡಲೇಬೇಕು. ತ್ವೇರ್‌ನಲ್ಲಿ ಕಲ್ಲು ಉಳಿದಿಲ್ಲ, ಇಲ್ಲಿ ಉಳಿದಿದೆ. 1164ರ ಸುಮಾರಿಗೆ ಮುಗಿದ ಊರಬಾಗಿಲು ಗೋಲ್ಡನ್ ಗೇಟ್ ಒಳಗೆ ಕಡಿದಾದ, ಕಿರಿದಾದ ಮೆಟ್ಟಿಲು ಹತ್ತಿದರೆ 1238ರ ಫೆಬ್ರವರಿಯಲ್ಲಿ ಬಾತುವಿನ ಸೈನ್ಯ ಈ ಊರನ್ನು ಹಿಡಿದ ದೃಶ್ಯದ ದೊಡ್ಡ ಮಾದರಿ ಇದೆ. ಹಿಮ, ಬೆಂಕಿ, ಏಣಿ ಹಾಕಿದ ಗೋಡೆ. ಮಂಡಿ ನೋವಿರುವವರು ಮೆಟ್ಟಿಲಿಗೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಿ. ಅಲ್ಲಿಂದ ಉಸ್ಪೆನ್ಸ್ಕಿ ಚರ್ಚು. ಬಾತು ಊರು ಹಿಡಿದಾಗ ಇಲ್ಲಿನ ದೊರೆ ಯೂರಿ ವ್ಸೆವೊಲೊದೊವಿಚ್ (ಮಾಸ್ಕೋದ ಯೂರಿ ಅಲ್ಲ) ಸೈನ್ಯ ಸೇರಿಸಲು ಉತ್ತರಕ್ಕೆ ಹೋಗಿದ್ದ. ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು, ಬಿಷಪ್ ಎಲ್ಲಾ ಈ ಚರ್ಚಿನೊಳಗೆ ಬಾಗಿಲು ಹಾಕಿಕೊಂಡರು. ಬೆಂಕಿಯಲ್ಲಿ ಸತ್ತರು. ಮಾರ್ಚ್ 4ರಂದು ಸಿತ್ ನದಿಯ ಹತ್ತಿರ ಯೂರಿಯೂ ಸತ್ತ. ಅದೇ ಚರ್ಚಿನೊಳಗೆ ಮುಂದೆ ಖಾನನ ಸನದು ತಂದ ದೊರೆಗಳಿಗೆ ಹಿರಿಯ ಪಟ್ಟ ಕಟ್ಟುತ್ತಿದ್ದರು. ಸುಟ್ಟವರ ಕಾಗದ ಹಿಡಿದುಕೊಂಡು ಬಂದು, ಸುಟ್ಟು ಸತ್ತವರ ಜಾಗದಲ್ಲಿ ಪಟ್ಟ. ಗೈಡ್ ಇದನ್ನು ಹೇಳಿ ಸುಮ್ಮನಾದರು, ನಾನು ಗೋಡೆ ನೋಡುತ್ತಾ ಬಹಳ ಹೊತ್ತು ನಿಂತೆ. 1408ರಲ್ಲಿ ಅಂದ್ರೇಯ್ ರುಬ್ಲ್ಯೊವ್ ಬರೆದ ಗೋಡೆಚಿತ್ರಗಳ ಒಂದಷ್ಟು ಭಾಗ ಇನ್ನೂ ಇದೆ. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು. ನನ್ನ ಸೀರೆ ಸೆರಗು ಸಾಕಾಯಿತು.

ಮಾಸ್ಕೋದ ಅರ್ಧ ದಿನ ಕ್ರೆಮ್ಲಿನ್ ಒಳಗಿನ ಅರ್ಖಾಂಗೆಲ್ಸ್ಕಿ ಚರ್ಚಿಗೆ. ಗುರುವಾರ ಕ್ರೆಮ್ಲಿನ್ ರಜೆ, ನೆನಪಿರಲಿ. ಈಗಿನ ಕಟ್ಟಡ 1505ರಿಂದ 1508ರ ನಡುವೆ ಇಟಲಿಯ ಶಿಲ್ಪಿ ಕಟ್ಟಿದ್ದು, ಅದಕ್ಕೂ ಮೊದಲಿನದನ್ನು 1333ರಲ್ಲಿ ಕಟ್ಟಿಸಿದವನು ಕಲಿತಾ. ಒಳಗೆ 50ಕ್ಕೂ ಹೆಚ್ಚು ಸಮಾಧಿ. ಕಲಿತಾ, ಅವನ ಮೊಮ್ಮಗ ದ್ಮಿತ್ರಿ ದನ್ಸ್ಕೊಯ್, ಮೂರನೇ ಇವಾನ್ ಎಲ್ಲರೂ ಇಲ್ಲೇ. ಜನಜಂಗುಳಿ ಜಾಸ್ತಿ, ನಿಂತು ಕೇಳಲು ಜಾಗ ಇಲ್ಲ. ಹಾಗಾಗಿ ಗೈಡ್ ಹೊರಗೇ ಎಲ್ಲಾ ಹೇಳಿ ಒಳಗೆ ಬಿಡುತ್ತಾರೆ. ಅದು ಒಳ್ಳೆಯ ಉಪಾಯ.

ಹೊರಗೆ ಅವರು ಹೇಳಿದ ಎರಡು ಸಂಗತಿ ನನಗೆ ಹೊಸದು. ಕಲಿತಾನ ಉಯಿಲು ಉಳಿದಿದೆ. ಹೋರ್ಡ್‌ಗೆ ಹೋಗುತ್ತಾ ಇದನ್ನು ಬರೆಯುತ್ತಿದ್ದೇನೆ ಅಂತಲೇ ಅದು ಶುರುವಾಗುತ್ತದೆ. ಖಾನನ ಅಷ್ಟು ಮೆಚ್ಚಿನವನಿಗೂ ವಾಪಸ್ ಬರುವ ಭರವಸೆ ಇರಲಿಲ್ಲ ಅಂತಾಯಿತು. ಮಕ್ಕಳಿಗೆ ಊರು, ಚಿನ್ನದ ಸರ, ಸೊಂಟಪಟ್ಟಿ ಎಲ್ಲಾ ಹಂಚಿಟ್ಟು ಹೊರಟಿದ್ದಾನೆ. ಕಲಿತಾನ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಸ್ವಲ್ಪ ಕಮ್ಮಿಯಾಯಿತು.

ಎರಡನೆಯದು ನಾಣ್ಯ. ಪ್ಲಾಸ್ಟಿಕ್ ಫೈಲಿನಿಂದ ದೊಡ್ಡದು ಮಾಡಿದ ಒಂದು ಫೋಟೋ ತೆಗೆದರು. ದ್ಮಿತ್ರಿ ದನ್ಸ್ಕೊಯ್‌ನ ಬೆಳ್ಳಿ ನಾಣ್ಯ. 1380ರ ಸೆಪ್ಟೆಂಬರ್ 8ರಂದು ಕುಲಿಕೊವೊ ಬಯಲಿನಲ್ಲಿ ಹೋರ್ಡ್‌ನ ಸರದಾರ ಮಾಮಾಯ್‌ನ ಸೈನ್ಯವನ್ನು ಸೋಲಿಸಿದವನು. ಎರಡೇ ವರ್ಷಕ್ಕೆ ತೊಖ್ತಾಮಿಶ್ ಖಾನ್ ಬಂದು ಮಾಸ್ಕೋ ಸುಟ್ಟ, ದ್ಮಿತ್ರಿ ಮತ್ತೆ ಕಪ್ಪ ಕಟ್ಟಿದ. ನಾಣ್ಯದ ಒಂದು ಮುಖದಲ್ಲಿ ರಷ್ಯನ್ ಅಕ್ಷರದಲ್ಲಿ ಅವನ ಹೆಸರು. ಇನ್ನೊಂದು ಮುಖದಲ್ಲಿ ಅರಬಿ ಅಕ್ಷರ. ನಾನು ಬೀದರಿನಲ್ಲಿ ಚಿಕ್ಕಂದಿನಲ್ಲೇ ಉರ್ದು ಓದಲು ಕಲಿತವಳು. ಅಕ್ಷರ ಸ್ವಲ್ಪ ವಕ್ರವಾಗಿದ್ದರೂ ಸುಲ್ತಾನ್ ಅಂತ ಓದಿಬಿಟ್ಟೆ. ಗೈಡ್ ನನ್ನ ಮುಖ ನೋಡಿದರು. ಈ ಫೋಟೋ ತೋರಿಸಿದಾಗ ತಾವಾಗಿ ಓದಿದವರು ಯಾರೂ ಇರಲಿಲ್ಲವಂತೆ. ಸುಲ್ತಾನ್ ತೊಖ್ತಾಮಿಶ್ ಖಾನ್ ಬಹುಕಾಲ ಬಾಳಲಿ ಅಂತ ಅಲ್ಲಿರುವ ಮಾತು. ಕುಲಿಕೊವೊದಲ್ಲಿ ಗೆದ್ದವನ ನಾಣ್ಯದ ಮೇಲೆ ಅವನ ಊರು ಸುಟ್ಟವನ ಹೆಸರು. ಯುದ್ಧ ಗೆದ್ದ ದಿನಾಂಕ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮರುದಿನದಿಂದ ದೊರೆ ಹೇಗೆ ಬದುಕಿದ ಅನ್ನುವುದು ಈ ಒಂದು ನಾಣ್ಯದಲ್ಲಿದೆ. 1389ರ ಉಯಿಲಿನಲ್ಲಿ ಅದೇ ದ್ಮಿತ್ರಿ, ದೇವರು ಹೋರ್ಡ್‌ನ ಸ್ಥಿತಿ ಬದಲಾಯಿಸಿದರೆ ಮಕ್ಕಳು ಕಪ್ಪ ಕಟ್ಟುವುದು ಬೇಡ, ತಾವೇ ಇಟ್ಟುಕೊಳ್ಳಲಿ ಅಂತ ಬರೆಸಿದ್ದಾನೆ. ಆ ದಿನ ಬರಲು ಇನ್ನೂ ಸುಮಾರು 90 ವರ್ಷ ಬೇಕಾಯಿತು. 1480ರಲ್ಲಿ ಉಗ್ರಾ ನದಿಯ ಎರಡು ದಂಡೆಯಲ್ಲಿ ಮೂರನೇ ಇವಾನ್ ಮತ್ತು ಅಹ್ಮದ್ ಖಾನ್ ಎದುರುಬದುರು ನಿಂತು, ಖಾನ್ ಹಿಂದಕ್ಕೆ ಹೋದ ಮೇಲೆ ಹೋರ್ಡ್‌ನ ಹಿಡಿತ ಮುಗಿಯಿತು.

ಇನ್ನು ಉಪಯೋಗದ ಮಾತು. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ. ಗೈಡ್ ಕೂಡ ರೂಬಲ್ ನಗದನ್ನೇ ಕೇಳುತ್ತಾರೆ. ಮುಂಗಡ ಕೇಳುವುದಿಲ್ಲ. ಮಳೆ ಬಂದರೆ ದಿನ ಬದಲಿಸಲು ಗೊಣಗುವುದಿಲ್ಲ.

ಊಟದ ವಿಷಯ ನಮ್ಮಂಥ ಸಸ್ಯಾಹಾರಿಗಳಿಗೆ ಮುಖ್ಯ, ಅಲ್ವಾ? ಮೊದಲೇ ಹೇಳಿದರೆ ಅವರು ಜಾಗ ನೋಡಿಟ್ಟಿರುತ್ತಾರೆ. ಗ್ರೇಚ್ಕಾ ಅನ್ನುವ ಕಂದು ಧಾನ್ಯವನ್ನು ಅನ್ನದ ಹಾಗೆ ಬೇಯಿಸಿ ಅಣಬೆ ಹಾಕಿ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಎಲೆಕೋಸು ತುಂಬಿದ ಪಿರೋಜ್ಕಿ, ಮೊಸರಿನಂಥ ಹುಳಿ ಕೆನೆಯ ಜೊತೆ ಬ್ಲಿನಿ ದೋಸೆ ಸಿಗುತ್ತವೆ. ಬ್ಲಿನಿ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಕೇಳಿಕೊಳ್ಳಿ. ಕೆಂಪು ಬೀಟ್‌ರೂಟ್ ಸಾರನ್ನು ಸಾಮಾನ್ಯವಾಗಿ ಮಾಂಸದ ನೀರಿನಲ್ಲೇ ಮಾಡುತ್ತಾರೆ. ನಮ್ಮ ಹುಡುಗಿ, ದೊಡ್ಡವ್ವ ಅದು ಮುಟ್ಟಬೇಡ ಅಂತ ತಟ್ಟೆಯನ್ನೇ ಆಚೆ ಸರಿಸಿದಳು. ನಾನು ಬೀದರಿನಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಗೈಡ್ ಕಪ್ಪು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ಹತ್ತು ವರ್ಷದೊಳಗಿನ ಮಕ್ಕಳನ್ನು ಈ ಟೂರ್‌ಗೆ ಕರೆದುಕೊಂಡು ಹೋಗಬೇಡಿ. ನಡಿಗೆ ಜಾಸ್ತಿ, ಕಥೆಯಲ್ಲಿ ಸಾವು ಜಾಸ್ತಿ. ಹೈಸ್ಕೂಲು, ಪಿಯು ಮಕ್ಕಳಿಗೆ ತುಂಬಾ ಒಳ್ಳೆಯದು. ಮೆಡಿಕಲ್ ಓದುವ ಮಕ್ಕಳಿಗೆ ಇನ್ನೂ ಒಳ್ಳೆಯದು, ಆರು ವರ್ಷ ಇರುವ ಊರು ಎಂಥದ್ದು ಅಂತ ಗೊತ್ತಾಗುತ್ತದೆ. ನಮ್ಮ ಹುಡುಗಿ ದಿನಾ ಕ್ಲಾಸಿಗೆ ಹೋಗುವಾಗ ನೋಡುವ ಆ ಕುದುರೆ ಸವಾರ ಯಾರು ಅಂತ ಈಗ ಹಾಸ್ಟೆಲ್‌ನ ಗೆಳತಿಯರಿಗೆ ಹೇಳುತ್ತಿದ್ದಾಳೆ. ಮುಂದಿನ ಬೇಸಿಗೆಗೆ ನಾಲ್ಕೈದು ಜನ ಸೇರಿ ಬೊರ್ತೆನೆವೊ ಕಡೆ ಹೋಗುವ ಮಾತಾಗಿದೆ. ಅದು ಮಾಮೂಲಿ ಟೂರ್‌ನಲ್ಲಿ ಇಲ್ಲ, ಕೇಳಿದರೆ ಗೈಡ್ ಒಪ್ಪುತ್ತಾರೆ. ಕಾರಿನ ವ್ಯವಸ್ಥೆಯನ್ನೂ ಅವರಿಗೇ ಬಿಡಿ.